ಸೆಕೆಂಡ್ ಹ್ಯಾಂಡ್ ಗಾಡಿ ಮತ್ತು ಹೆದರಿಸುವ ಮುಳ್ಳು

ಗಾಡಿ ತಂದು ಮೂರೇ ದಿನ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಪ್ರೆಶರ್ ಮೀಟರಿನ ಮುಳ್ಳು 50 ಪಿಎಸ್‌ಐ (ಒತ್ತಡದ ಅಳತೆ) ತೋರಿಸುತ್ತಿತ್ತು, ಅರ್ಧ ಗಂಟೆ ಓಡಿಸಿ ಸಿಗ್ನಲ್‌ನಲ್ಲಿ ನಿಂತರೆ ಅದೇ ಮುಳ್ಳು 5ಕ್ಕೆ ಬಂದು ಕೂತಿತ್ತು. ಎದೆ ಧಸಕ್ಕೆಂದಿತು.

ಇಳಿಯುವುದೇನೋ ಸಹಜ. ಬಿಸಿಯಾದ ಆಯಿಲ್ ತೆಳುವಾಗುತ್ತದೆ, ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) ಆಯಿಲ್ ಪಂಪ್ ನಿಧಾನಕ್ಕೆ ತಿರುಗುತ್ತದೆ. ಪ್ರತಿ 1000 ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಸುಮಾರು 10 ಪಿಎಸ್‌ಐ ಅನ್ನೋದು ಮೆಕ್ಯಾನಿಕ್‌ಗಳ ಹಳೇ ಲೆಕ್ಕ, ಆದರೆ ಮ್ಯಾನ್ಯುಯಲ್‌ನಲ್ಲಿ ಇರುವುದೇ ಕೊನೆ ಮಾತು.

ಮೊದಲು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದೆ. ಲೆವೆಲ್ ಸರಿ ಇತ್ತು, ಮೂಸಿದರೆ ಪೆಟ್ರೋಲ್ ವಾಸನೆ! ಪೆಟ್ರೋಲ್ ಸೇರಿ ಆಯಿಲ್ ನೀರಿನಂತೆ ತೆಳುವಾಗಿತ್ತು (ಅದು ಎಲ್ಲಿಂದ ಬಂತು ಅನ್ನೋದು ಇನ್ನೊಂದು ಕಥೆ). ಆಯಿಲ್, ಫಿಲ್ಟರ್ ಎರಡೂ ಬದಲಿಸಿದರೂ ಮುಳ್ಳು 8 ದಾಟಲಿಲ್ಲ. ಕೊನೆಗೆ ಸೆನ್ಸರ್ ಬಿಚ್ಚಿಸಿ, ಅದೇ ತೂತಿಗೆ ಪ್ರೆಶರ್ ನೇರವಾಗಿ ಅಳೆಯುವ ಮೆಕ್ಯಾನಿಕಲ್ ಗೇಜ್ ಹಾಕಿಸಿದರೆ 20 ತೋರಿಸಿತು. ಸೆನ್ಸರ್ ಹಾಳಾಗಿತ್ತು, ಸುಮ್ನೆ ನಿದ್ದೆ ಕೆಡಿಸಿಕೊಂಡೆ.

ಆದರೆ ಎಂಜಿನ್ ಒಳಗಿಂದ ಟಕ್ ಟಕ್ ಸದ್ದು ಬಂದರೆ, ಆಯಿಲ್‌ನ ಕೆಂಪು ದೀಪ ಹತ್ತಿದರೆ, ಮನೆವರೆಗೆ ಹೋಗಿಬಿಡೋಣ ಅನ್ನಬೇಡಿ. ಅಲ್ಲೇ ಆಫ್ ಮಾಡಿ. ಇನ್ನೊಂದು ವಿಷಯ: ಬೇರಿಂಗ್ (ಎಂಜಿನ್ ಒಳಗೆ ತಿರುಗುವ ಭಾಗಕ್ಕೆ ಆಸರೆ) ಸವೆದು ಪ್ರೆಶರ್ ಇಳಿದಿದ್ದರೆ ದಪ್ಪ ಆಯಿಲ್ ಹಾಕಿ ಮುಳ್ಳನ್ನು ಮೇಲೆತ್ತಬಹುದು, ಬೇರಿಂಗ್ ಮಾತ್ರ ಸವೆದೇ ಇರುತ್ತದೆ. ಮಾರುವ ಮುಂಚೆ ಕೆಲವರು ಮಾಡುವ ಕೈಚಳಕ ಇದೇ ಅಲ್ವಾ?