ಮರಳೊಳಗೆ 71 ದಿನ

ಮೂರು ವರ್ಷದ ಹಿಂದೆ ಜುಲೈನಲ್ಲಿ ಜರ್ಸಿ ಶೋರ್‌ಗೆ, ಅಂದ್ರೆ ಅಮೆರಿಕದಲ್ಲಿ ನಾವಿರೋ ನ್ಯೂಜರ್ಸಿಯ ಕಡಲತೀರಕ್ಕೆ, ಹೋಗಿದ್ವಿ. ಬೋರ್ಡ್‌ವಾಕ್ ಮೇಲೆ ಐಸ್‌ಕ್ರೀಮು, ಟೀ ಶರ್ಟ್ ಅಂಗಡಿಗಳ ಮಧ್ಯೆ ಒಂದ್ ಕಡೆ ತಂತಿ ಪಂಜರದ ತುಂಬ ಸನ್ಯಾಸಿ ಏಡಿ, ಅದೇ ಹರ್ಮಿಟ್ ಕ್ರ್ಯಾಬು, ಒಂದೊಂದರ ಬೆನ್ನ ಮೇಲೂ ಬಣ್ಣ ಬಳಿದ ಶಂಖ, ಕೆಲವಕ್ಕೆ ಫುಟ್‌ಬಾಲ್ ಚಿತ್ರ, ಕೆಲವಕ್ಕೆ ಕಾರ್ಟೂನ್ ಮುಖ. ಮಗಳಿಗೆ ಆಗ ಏಳು ವರ್ಷ, ಅಲ್ಲಿಂದ ಕದಲ್ಲಿಲ್ಲ. ಎರಡು ಏಡಿ, ಒಂದು ಪುಟ್ಟ ತಂತಿ ಪಂಜರ, ಬಣ್ಣದ ಕಲ್ಲು, ಒಂದು ಸ್ಪಂಜು, ಒಂದು ಡಬ್ಬಿ ಆಹಾರ ಎಲ್ಲ ಸೇರಿಸಿ ಕೊಟ್ರು. "ಸ್ಪಂಜು ಒದ್ದೆ ಮಾಡಿಡಿ, ಚೂರು ಊಟ ಹಾಕಿ, ಇನ್ನೇನೂ ಬೇಡ" ಅಂದ್ರು. ನಾವು ಅಷ್ಟನ್ನೇ ಮಾಡಿದ್ವಿ.

ಗುಂಡ, ಪುಟ್ಟಿ ಅಂತ ಹೆಸರಿಟ್ಲು ಮಗಳು. ಅಕ್ಟೋಬರ್‌ನಲ್ಲಿ ಮನೆ ಹೀಟರ್ ಹಾಕಿದ ಎರಡನೇ ವಾರ ಪುಟ್ಟಿ ಶಂಖದಿಂದ ಅರ್ಧ ಹೊರಗೆ ಜೋತುಬಿದ್ದಿತ್ತು, ಮುಟ್ಟಿದ್ರೂ ಅಲ್ಲಾಡ್ಲಿಲ್ಲ. ಗುಂಡನಿಗೆ ಒಂದು ಕಾಲು ಉದುರಿಹೋಗಿತ್ತು. ಮಗಳು ಅತ್ತು ಅತ್ತು ಮಲಗಿದ ಮೇಲೆ ಕೂತು ಓದೋಕೆ ಶುರು ಮಾಡಿದೆ, ರಾತ್ರಿ ಎರಡು ಗಂಟೆವರೆಗೂ ಓದಿದೆ. ಆಗ ಗೊತ್ತಾಗಿದ್ದು, ನಮ್ಮನೆಯ ಒಣ ಹವೆಯಲ್ಲಿ ಅದಕ್ಕೆ ಮೂರು ತಿಂಗಳಿಂದ ಉಸಿರಾಡೋದೇ ಕಷ್ಟವಾಗಿತ್ತು ಅಂತ.

ಯಾಕಂದ್ರೆ ಇದು ನೆಲದ ಮೇಲೆ ಬದುಕೋ ಏಡಿ ಆದ್ರೂ ಉಸಿರಾಡೋದು ಕಿವಿರಿನಿಂದಲೇ. ಕಿವಿರು ಸದಾ ಒದ್ದೆಯಾಗಿರಬೇಕು, ಒಣಗಿದ್ರೆ ಉಸಿರಿಲ್ಲ. ಹಾಗಂತ ನೀರೊಳಗೇ ಬಿಟ್ರೆ ಅಲ್ಲೂ ಮುಳುಗಿ ಸಾಯುತ್ತೆ. ಅದಕ್ಕೆ ಬೇಕಾಗಿರೋದು ತೇವ ತುಂಬಿದ ಗಾಳಿ, 75ರಿಂದ 85 ಪರ್ಸೆಂಟ್ ಹ್ಯುಮಿಡಿಟಿ, ಬೆಚ್ಚಗೆ 24ರಿಂದ 29 ಡಿಗ್ರಿ ಸೆಲ್ಸಿಯಸ್. ನಾನು ತೀರ್ಥಹಳ್ಳಿ ಕಡೆಯವಳು, ಈ ನಂಬರ್ ಓದಿದಾಗ ನನಗೆ ನೆನಪಾಗಿದ್ದು ನಮ್ಮೂರ ಮಳೆಗಾಲ, ಒಗೆದ ಬಟ್ಟೆ ನಾಲ್ಕು ದಿನ ಆದ್ರೂ ಒಣಗದೆ ಒಲೆ ಮೇಲೆ ಹಗ್ಗ ಕಟ್ಟಿ ಹಾಕ್ತಿದ್ವಲ್ಲ, ಬೆಂಕಿಪೊಟ್ಟಣ ಮೆತ್ತಗಾಗಿ ಗೀರಿದ್ರೆ ಹತ್ತುತ್ತಿರಲಿಲ್ವಲ್ಲ, ಆ ಹವೆ. ಅದನ್ನ ಚಳಿ ಬೇರೆ ಒಂದಿಷ್ಟೂ ಇಲ್ಲದ ಹಾಗೆ ನ್ಯೂಜರ್ಸಿಯ ಜನವರಿಯಲ್ಲಿ ಒಂದು ಗಾಜಿನ ಪೆಟ್ಟಿಗೆಯೊಳಗೆ ಹಿಡಿದಿಡಬೇಕು. ತಂತಿ ಪಂಜರದಲ್ಲಿ ಅದು ಯಾವ ಕಾಲಕ್ಕೂ ಆಗಲ್ಲ, ನೂರು ಸ್ಪಂಜ್ ಇಟ್ರೂ ತೇವವೆಲ್ಲ ತಂತಿ ಮಧ್ಯೆ ಹೊರಟುಹೋಗುತ್ತೆ.

ಮಾರನೇ ದಿನವೇ ಯಾರೋ ಮಾರ್ತಿದ್ದ ಹಳೇ ಫಿಶ್ ಟ್ಯಾಂಕ್ ತಂದ್ವಿ, 29 ಗ್ಯಾಲನ್‌ದು, ಮೇಲೆ ಗಾಜಿನ ಮುಚ್ಚಳ. ಒಳಗೊಂದು ಡಿಜಿಟಲ್ ಮೀಟರು, ತೇವ ಮತ್ತೆ ಶಾಖ ಎರಡೂ ತೋರಿಸೋದು. ಮುಳ್ಳಿರೋ ಅಗ್ಗದ ಮೀಟರ್ ತಗೋಬೇಡಿ, ನನ್ನ ಹತ್ರ ಇದ್ದಿದ್ದು ಯಾವಾಗ ನೋಡಿದ್ರೂ 60ರಲ್ಲೇ ನಿಂತಿರ್ತಿತ್ತು. ಹೀಟ್ ಪ್ಯಾಡ್‌ನ ಟ್ಯಾಂಕ್ ಅಡಿಗೆ ಅಂಟಿಸಬಾರದು, ಹಿಂದಿನ ಗಾಜಿಗೆ, ಮರಳಿನ ಮಟ್ಟಕ್ಕಿಂತ ಮೇಲೆ ಅಂಟಿಸಬೇಕು. ಅಡಿಗಿಟ್ರೆ ಮರಳೊಳಗೆ ಮಲಗಿರೋ ಏಡಿ ಬೇಯುತ್ತೆ, ಮರಳೂ ಒಣಗುತ್ತೆ.

ಮರಳಿನ ವಿಷಯಕ್ಕೆ ಬರ್ತೀನಿ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ, ಎಲ್ರೂ ತಪ್ಪು ಮಾಡೋದೂ ಇಲ್ಲೇ. ಮಕ್ಕಳ ಆಟದ ಮರಳು ಐದು ಪಾಲು, ಕೋಕೋಪೀಟ್ ಒಂದು ಪಾಲು. ಗೊಬ್ಬರ ಬೆರೆಸಿರೋ ಕೋಕೋಪೀಟ್ ಬೇಡ, ಬರೀ ನಾರಿನ ಪುಡಿ ಇರೋದೇ ನೋಡಿ ತಗೊಳ್ಳಿ. ಮುಷ್ಟಿಯಲ್ಲಿ ಹಿಡಿದು ಅದುಮಿದ್ರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು, ಬೆರಳಲ್ಲಿ ಗುಂಡಿ ತೋಡಿದ್ರೆ ಗೋಡೆ ಕುಸಿಯಬಾರದು, ತಂಬಿಟ್ಟಿನ ಹದ ಅಂದ್ಕೊಳ್ಳಿ. ಆಳ ಕನಿಷ್ಠ ಆರು ಇಂಚು, ಏಡಿ ದೊಡ್ಡದಿದ್ರೆ ಅದರ ಎತ್ತರದ ಮೂರು ಪಟ್ಟು. ಪಂಜರದ ಜೊತೆ ನಮಗೆ ಕೊಟ್ಟಿದ್ದ ಬಣ್ಣದ ಕಲ್ಲು ಅರ್ಧ ಇಂಚೂ ಇರಲಿಲ್ಲ, ಪಾಪ ಪುಟ್ಟಿ ಕೊನೇ ವಾರವೆಲ್ಲ ಆ ಕಲ್ಲನ್ನ ಕೆರೀತಾನೇ ಇತ್ತು, ನಾವು ಆಟ ಆಡ್ತಿದೆ ಅಂದ್ಕೊಂಡಿದ್ವಿ.

ನೀರು ಎರಡು ಥರ ಬೇಕು, ಒಂದು ಸಿಹಿನೀರು, ಒಂದು ಉಪ್ಪುನೀರು, ಎರಡರಲ್ಲೂ ಏಡಿ ಪೂರ್ತಿ ಮುಳುಗೋ ಆಳ ಇರಬೇಕು, ಹತ್ತಿ ಹೊರಗೆ ಬರೋಕೆ ಕಲ್ಲೋ ಬಲೆಯೋ ಇರಬೇಕು. ಅಡುಗೆ ಉಪ್ಪು ಖಂಡಿತ ಹಾಕಬೇಡಿ, ಸಮುದ್ರ ಮೀನು ಸಾಕೋರು ಬಳಸೋ ಮರೀನ್ ಸಾಲ್ಟೇ ಆಗಬೇಕು. ನಲ್ಲಿ ನೀರಿಗೆ ಕ್ಲೋರಿನ್ ತೆಗೆಯೋ ಡ್ರಾಪ್ಸ್ ಹಾಕಿ. ರಾತ್ರಿಯಿಡೀ ತೆರೆದಿಟ್ರೆ ಕ್ಲೋರಿನ್ ಹೋಗುತ್ತೆ ಅಂತಾರೆ, ಆದ್ರೆ ಇಲ್ಲಿ ಎಷ್ಟೋ ಊರಲ್ಲಿ ನೀರಿಗೆ ಹಾಕೋದು ಕ್ಲೋರಮೈನ್, ಅದು ಹಾಗೆಲ್ಲ ಹಾರಿಹೋಗಲ್ಲ.

ಶಂಖ ಅದರದ್ದಲ್ಲ ಅನ್ನೋದು ಮಗಳಿಗೆ ಬಹಳ ಆಶ್ಚರ್ಯ ಆಗಿತ್ತು. ಹಿಂಭಾಗ ಮೆತ್ತಗಿರುತ್ತೆ, ಅದನ್ನ ಕಾಪಾಡ್ಕೊಳ್ಳೋಕೆ ಸತ್ತ ಬಸವನಹುಳದ ಚಿಪ್ಪೊಳಗೆ ಸೇರ್ಕೊಳ್ಳುತ್ತೆ, ಬೆಳೆದ ಹಾಗೆ ದೊಡ್ಡದು ಹುಡುಕುತ್ತೆ. ಕಡಲತೀರದಲ್ಲಿ ಒಂದು ಒಳ್ಳೆ ಖಾಲಿ ಶಂಖ ಸಿಕ್ರೆ ಹತ್ತಾರು ಏಡಿ ದೊಡ್ಡದರಿಂದ ಚಿಕ್ಕದರವರೆಗೆ ಸಾಲಾಗಿ ನಿಂತು, ಮೊದಲನೇದು ಬಿಟ್ಟಿದ್ದಕ್ಕೆ ಎರಡನೇದು, ಎರಡನೇದು ಬಿಟ್ಟಿದ್ದಕ್ಕೆ ಮೂರನೇದು ಹೀಗೆ ಬದಲಾಯಿಸ್ಕೊಳ್ಳೋದೂ ಇದೆ. ಬಣ್ಣ ಬಳಿದ ಚಿಪ್ಪು ಮಾತ್ರ ಬೇಡವೇ ಬೇಡ, ಪೇಂಟ್ ಚಕ್ಕೆ ಎದ್ದು ಹೊಟ್ಟೆಗೆ ಹೋಗುತ್ತೆ. ಬಾಯಿ ದುಂಡಗಿರೋ ಟರ್ಬೋ ಚಿಪ್ಪು ಗುಂಡನ ಜಾತಿಗೆ ಇಷ್ಟ. ಐದು ತಂದಿಟ್ವಿ, ಮೂರನೇ ರಾತ್ರಿ ಬೆಳಗಾಗೋದ್ರೊಳಗೆ ಫುಟ್‌ಬಾಲ್ ಶಂಖ ಖಾಲಿ ಬಿದ್ದಿತ್ತು. ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ಬಲವಂತವಾಗಿ ಎಳೆದು ಬದಲಾಯಿಸೋಕೆ ಹೋಗಬೇಡಿ, ಸತ್ರೂ ಬಿಡಲ್ಲ, ಮೈ ಹರಿದುಹೋಗುತ್ತೆ.

ಊಟದ್ದು ಸುಲಭ. ಉಪ್ಪಿಲ್ಲದ ತೆಂಗಿನಕಾಯಿ ಚೂರು, ಮಾವು, ಪಪಾಯ, ಬೇಯಿಸಿದ ಮೊಟ್ಟೆ, ಒಣ ಸೀಗಡಿ, ತೊಳೆದು ಪುಡಿ ಮಾಡಿದ ಮೊಟ್ಟೆ ಸಿಪ್ಪೆ, ಓಕ್ ಮರದ ಒಣ ಎಲೆ. ಕಾಯಿ ತುರಿಯೋವಾಗ ಒಂದು ಚೂರು ತೆಗೆದಿಡೋದು ಈಗ ನಮ್ಮನೆ ಅಭ್ಯಾಸ.

ಡಿಸೆಂಬರ್‌ನಲ್ಲಿ ಗುಂಡ ಸಿಕ್ಕಾಪಟ್ಟೆ ನೀರು ಕುಡಿಯೋಕೆ ಶುರು ಮಾಡ್ತು, ಉದುರಿದ ಕಾಲಿನ ಜಾಗದಲ್ಲಿ ಜೆಲ್ಲಿ ಥರ ಒಂದು ಮೊಗ್ಗು ಬಂತು. ಆಮೇಲೆ ಒಂದು ರಾತ್ರಿ ಮೂಲೆಯಲ್ಲಿ ತೋಡಿಕೊಂಡು ಒಳಗೆ ಹೋಯ್ತು, ಬರಲೇ ಇಲ್ಲ. ಪೊರೆ ಬಿಡೋಕೆ ಹೋಗಿದೆ ಅಂತ ಓದಿ ಗೊತ್ತಿತ್ತು. ಒಳಗೆ ಒಂದು ಗುಹೆ ಮಾಡ್ಕೊಂಡು, ಹಳೇ ಮೈಯನ್ನೆಲ್ಲ ಕಳಚಿ, ಮೆತ್ತಗೆ ಏನೂ ಮಾಡಲಾಗದೆ ಮಲಗಿರುತ್ತೆ, ಆಮೇಲೆ ಆ ಪೊರೆಯನ್ನೇ ತಿಂದು ಗಟ್ಟಿಯಾಗುತ್ತೆ. ಆ ಹೊತ್ತಲ್ಲಿ ಅಗೆದು ನೋಡಿದ್ರೆ ಮುಗೀತು. ಗೊತ್ತಿದ್ರೂ ಇಪ್ಪತ್ತು, ಮೂವತ್ತು, ನಲವತ್ತು ದಿನ ಆದಾಗ ಕೈ ಕಟ್ಟಿ ಕೂರೋದು ಎಷ್ಟು ಕಷ್ಟ ಅಂದ್ರೆ, ಒಂದಿನ ಚಮಚ ಹಿಡ್ಕೊಂಡು ಟ್ಯಾಂಕ್ ಮುಂದೆ ನಿಂತಿದ್ದೆ, ಒಂದೇ ಒಂದು ಮೂಲೆ ನೋಡೋಣ ಅಂತ. ಅಷ್ಟೊತ್ತಿಗೆ ಊರಿಂದ ಅಮ್ಮ ವಿಡಿಯೋ ಕಾಲ್ ಮಾಡಿದ್ರು. ಅಮ್ಮ ಗದ್ದೆ ಅಂಚಿನ ಬಿಲದಲ್ಲಿ ಏಡಿ ಹಿಡಿದು ಬೆಳೆದವರು. ಹೇಳಿದೆ. "ಮಗಾ, ಬಾಣಂತಿ ಕೋಣೆ ಬಾಗ್ಲು ಹಾಗೆಲ್ಲ ತೆಗೀತಾರೇನೇ, ಚಮಚ ಒಳಗಿಡು" ಅಂದ್ರು. ಇಟ್ಟೆ. ದಿನಾ ಮರಳು ಮೂಸಿ ನೋಡ್ತಿದ್ವಿ ಅಷ್ಟೇ, ಸತ್ತಿದ್ರೆ ಕೊಳೆತ ಮೀನಿನ ವಾಸನೆ ಬರುತ್ತೆ, ಇಲ್ಲಾಂದ್ರೆ ಮಣ್ಣಿನ ವಾಸನೆ. ಮಗಳು ಕ್ಯಾಲೆಂಡರ್‌ನಲ್ಲಿ ಗುರುತು ಹಾಕ್ತಿದ್ಲು.

71ನೇ ದಿನ ಬೆಳಗ್ಗೆ ಸ್ಕೂಲ್ ಬಸ್‌ಗೆ ಹೊರಡೋ ಹೊತ್ತಲ್ಲಿ "ಅಮ್ಮಾ" ಅಂತ ಕೂಗಿದ್ಲು. ನೀರಿನ ಬಟ್ಟಲ ಪಕ್ಕ ಗುಂಡ ಕೂತಿತ್ತು, ಮೈಬಣ್ಣ ಹೊಸದಾಗಿತ್ತು, ಎಡಗಡೆಯ ದೊಡ್ಡ ಇಕ್ಕಳ ಹೊಳೆಯೋ ನೇರಳೆ. ಉದುರಿದ ಕಾಲು ವಾಪಸ್ ಬಂದಿತ್ತು, ಉಳಿದವಕ್ಕಿಂತ ಚೂರು ಸಣ್ಣ, ಚೂರು ಬಿಳಿ. ಅವತ್ತು ಬಸ್ ತಪ್ಪಿತು.

ಅಂಗಡಿಯಿಂದ ಆಮೇಲೆ ಒಂದೂ ತಂದಿಲ್ಲ, ತರೋದೂ ಇಲ್ಲ. ಇವುಗಳ ಮರಿ ಹುಟ್ಟೋದು ಸಮುದ್ರದ ನೀರಲ್ಲಿ, ಮನೆಯಲ್ಲಿ ಮರಿ ಮಾಡಿಸೋದು ತೀರಾ ಅಪರೂಪ, ಹಾಗಾಗಿ ಮಾರಾಟಕ್ಕಿರೋದು ಹೆಚ್ಚುಕಮ್ಮಿ ಎಲ್ಲವೂ ಕೆರಿಬಿಯನ್‌ನಂಥ ಕಡಲತೀರಗಳಿಂದ ಹಿಡಿದು ತಂದಿದ್ದು. 30 ವರ್ಷ ಬದುಕಬಲ್ಲ ಜೀವ ಅದು. ಒಂಟಿಯಾಗಿ ಇರೋ ಪ್ರಾಣಿಯೂ ಅಲ್ಲ, ಹಾಗಾಗಿ ಬೇಡ ಅಂತ ಬಿಟ್ಟುಕೊಡ್ತಿದ್ದ ಒಂದು ಮನೆಯಿಂದ ಎರಡು ಏಡಿ ತಂದ್ಕೊಂಡ್ವಿ. ನಿಮ್ಮ ಮಕ್ಕಳೂ ಹಟ ಹಿಡಿದ್ರೆ ದಯವಿಟ್ಟು ಹೀಗೆ ಹುಡುಕಿ, ಮೊದಲು ಟ್ಯಾಂಕ್ ರೆಡಿ ಮಾಡಿ, ಆಮೇಲೆ ಏಡಿ ತನ್ನಿ.

ಹೊಸ ಎರಡರಲ್ಲಿ ಒಂದು ಈಗ ಮರಳೊಳಗಿದೆ, ಇವತ್ತಿಗೆ 38 ದಿನ. ನಾವು ಜೂನ್ 30ಕ್ಕೆ ಮನೆ ಖಾಲಿ ಮಾಡಬೇಕಿತ್ತು. ಟ್ಯಾಂಕ್ ಎತ್ತಿದ್ರೆ ಗುಹೆ ಕುಸಿಯುತ್ತೆ, ಓನರ್‌ಗೆ ಇದ್ದದ್ದು ಇದ್ದ ಹಾಗೇ ಹೇಳಿ ಇನ್ನೊಂದು ತಿಂಗಳು ಕೇಳಿದ್ವಿ, ಕೊಟ್ರು.