ಎರಡು ಸಾವಿರ ಹಂಚು ಹೊದಿಸೋಕೆ ಹೋಗಿ ಕಲಿತಿದ್ದು

ನನ್ನ ಕೆಲಸ ಆರ್ಕಿಟೆಕ್ಚರ್ ವಿಶುವಲೈಸೇಶನ್, ಅಂದ್ರೆ ಇನ್ನೂ ಪಾಯ ತೋಡದ ಮನೇನ ಫೋಟೋ ತರ ತೋರ್ಸೋದು. ಬೆಂಗಳೂರಲ್ಲಿ ಕೂತು ಗಾಜಿನ ಬಿಲ್ಡಿಂಗ್ ಮಾಡಿ ಮಾಡಿ ಅಭ್ಯಾಸ ಆಗಿದ್ದ ನಂಗೆ ಒಂದ್ಸಲ ತೀರ್ಥಹಳ್ಳಿ ಕಡೆ ಹೋಮ್‌ಸ್ಟೇ ಒಂದರ ಕೆಲಸ ಬಂತು, ಪೂರ್ತಿ ಮಂಗಳೂರು ಹಂಚಿನ ಮಾಡು (ಛಾವಣಿ). ಒಂದು ಹಂಚು ಮಾಡಿ ಕಾಪಿ ಹೊಡ್ಯೋದು ತಾನೆ, ಸಂಜೆಗೆ ಮುಗಿಯುತ್ತೆ ಅಂದ್ಕೊಂಡೆ.

ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಒಂದು ಹಂಚನ್ನ ಮಣ್ಣು ತಿದ್ದೋ ತರ ಚೆನ್ನಾಗಿ ಸ್ಕಲ್ಪ್ಟ್ ಮಾಡ್ದೆ, ಅಂಚು ಒಡೆದಿರೋದು, ಸಣ್ಣ ತೂತು ಎಲ್ಲಾ ಸೇರಿ 18,000 ಫೇಸ್ (ಆಕಾರ ಕಟ್ಟೋ ಸಣ್ಣ ಸಣ್ಣ ಚಪ್ಪಟೆ ತುಂಡು). ಸಾಲಾಗಿ ಕಾಪಿ ಹೊಡ್ಯೋ ಅರೇ ಮಾಡಿಫೈಯರ್ ಹಾಕಿ, ಅಪ್ಲೈ ಒತ್ತಿ, ಎಲ್ಲಾ ಒಂದೇ ವಸ್ತುವಾಗಿ ಜಾಯಿನ್ ಮಾಡಿಬಿಟ್ಟೆ. ಮಾಡು 170 ಚದರ ಮೀಟರ್, ಚದರ ಮೀಟರ್‌ಗೆ 14 ಹಂಚು ಅಂದ್ರೆ 2,380, ಹಂಚಿಗೆ 18,000ರಂತೆ ಗುಣಿಸಿ ನೋಡಿ, ನಾಲ್ಕು ಕೋಟಿ ಫೇಸ್ ದಾಟುತ್ತೆ. ಫೈಲ್ ಸೇವ್ ಆಗೋದ್ರೊಳಗೆ ಟೀ ಕುಡಿದು ಬರಬಹುದಿತ್ತು, ರೆಂಡರ್ (ಕೊನೆ ಚಿತ್ರ ತೆಗೆಯೋದು) ಒತ್ತಿದ್ರೆ 8 ಜಿಬಿ ಗ್ರಾಫಿಕ್ಸ್ ಕಾರ್ಡ್ ಮೆಮೊರಿ ಸಾಲ್ದು ಅಂತ ಕೈ ಎತ್ತಿಬಿಡ್ತು.

ತಪ್ಪು ಹಂಚಿನ ಡೀಟೇಲ್‌ದಲ್ಲ, ಜಾಯಿನ್ ಮಾಡಿದ್ದು. ಆಲ್ಟ್ ಡಿ ಒತ್ತಿ ಕಾಪಿ ಮಾಡಿದ್ರೆ ಮೆಶ್ (ಫೇಸ್‌ಗಳೆಲ್ಲಾ ಸೇರಿದ ಆಕಾರ) ಒಂದೇ ಇರುತ್ತೆ, ಕೂರೋ ಜಾಗ ಮಾತ್ರ ಬೇರೆ, ಶಿಫ್ಟ್ ಡಿ ಒತ್ತಿದ್ರೆ ಪ್ರತಿ ಕಾಪಿಗೂ ಹೊಸ ಮೆಶ್. ನಾನು ಕೊನೆಗೆ ಜಿಯೊಮೆಟ್ರಿ ನೋಡ್ಸ್‌ಗೆ ಹೋದೆ (ನಿಯಮ ಕೊಟ್ಟು ಆಕಾರ ಕಟ್ಟಿಸೋ ಬ್ಲೆಂಡರ್‌ನ ಸೌಲಭ್ಯ, 2021ರಲ್ಲಿ 2.92 ವರ್ಶನ್ ಜೊತೆ ಬಂದಿದ್ದು), ಮಾಡಿನ ಮೇಲೆ ಪಾಯಿಂಟ್‌ಗಳ ಗ್ರಿಡ್ ಹಾಸಿ, ಪ್ರತಿ ಪಾಯಿಂಟ್ ಮೇಲೆ ಒಂದು ಇನ್‌ಸ್ಟೆನ್ಸ್, ಅಂದ್ರೆ ಅದೇ ಮೆಶ್ ತೋರ್ಸೋ ಕಾಪಿ, ಕೂರಿಸೋದು. 3ಡಿಎಸ್ ಮ್ಯಾಕ್ಸ್ ಅನ್ನೋ ಇನ್ನೊಂದು ಸಾಫ್ಟ್‌ವೇರ್ ಬಳಸೋರು ರೈಲ್‌ಕ್ಲೋನ್ ಪ್ಲಗಿನ್‌ನಲ್ಲಿ ಇದನ್ನೇ ಮಾಡ್ತಾರೆ.

ಮೆಮೊರಿ ಸಮಸ್ಯೆ ಹೋಯ್ತು ಆದ್ರೆ ಮಾಡು ಮಾತ್ರ ಹಂಚಿನ ಮಾಡು ತರ ಕಾಣ್ತಾ ಇರ್ಲಿಲ್ಲ, ಹಂಚಿನ ಚಿತ್ರ ಇರೋ ತಗಡಿನ ತರ ಇತ್ತು. ಆ ವಾರ ಊರಿಗೆ ಹೋದಾಗ ಮಾವನ ಮನೆ ಹಿತ್ತಲಲ್ಲಿ ಪೇರಿಸಿಟ್ಟಿದ್ದ ಹಳೇ ಹಂಚು ಒಂದನ್ನ ಎತ್ಕೊಂಡು ನೋಡ್ದೆ. ಹಿಂದೆ ಬಾಸೆಲ್ ಮಿಷನ್ ಅಂತ ಅಚ್ಚು, ಪಕ್ಕದಲ್ಲಿ 1865. ಅದು ಆ ಹಂಚು ಸುಟ್ಟ ವರ್ಷ ಅಲ್ಲ, ಮಂಗಳೂರಲ್ಲಿ ಮಿಷನ್‌ನೋರು ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಅಳತೆ 41 ಸೆಂಟಿಮೀಟರ್ ಉದ್ದ, 24 ಅಗಲ, ಆದ್ರೆ ಹೊದಿಸಿದ್ಮೇಲೆ ಕಾಣೋದು 35 ಉದ್ದ ಅಷ್ಟೆ, ಮಿಕ್ಕಿದ್ದು ಮೇಲಿನ ಹಂಚಿನ ಅಡಿಗೆ ಹೋಗುತ್ತೆ. ಲ್ಯಾಪ್‌ಟಾಪ್‌ನಲ್ಲಿ ನನ್ನ ಮಾಡು ತೋರಿಸ್ದೆ. ಮಾವ ಒಂದೇ ಸಲ ನೋಡಿ, "ಮೇಲಿನ ಹಂಚು ಕೆಳಗಿನದ್ರ ತಲೆ ಮೇಲೆ ಕೂರ್ಬೇಕು ಮಾರಾಯ, ನಿಂದು ಹೊಟ್ಟೆ ಒಳಗೇ ಹೋಗಿದೆಯಲ್ಲ" ಅಂದ್ರು.

ಅಲ್ಲೇ ಇದ್ದಿದ್ದು ವಿಷ್ಯ. ನಾನು ಹಂಚುಗಳನ್ನ ಮಾಡಿನ ಇಳಿಜಾರಿಗೆ ಸರಿಯಾಗಿ ಸಮಾನಾಂತರ ಮಲಗಿಸಿದ್ದೆ, ಒಂದರೊಳಗೊಂದು ತೂರ್ಕೊಂಡಿದ್ವು. ನಿಜವಾದ ಹಂಚಿನ ಮೇಲ್ತುದಿ ಹಿಂದಿರೋ ಕಿವಿ ರೀಪಿಗೆ ಸಿಕ್ಕಿಸ್ಕೊಂಡು ನಿಂತಿರುತ್ತೆ, ಕೆಳತುದಿ ಕೆಳಗಿನ ಸಾಲಿನ ಮೇಲೆ ಏರಿ ಕೂತಿರುತ್ತೆ, ಅಂದ್ರೆ ಪ್ರತಿ ಹಂಚೂ ಇಳಿಜಾರಿಗಿಂತ ಎರಡು ಮೂರು ಡಿಗ್ರಿ ಚಪ್ಪಟೆ. ಆ ಮೂರು ಡಿಗ್ರಿ ಕೊಟ್ಟ ತಕ್ಷಣ ಸಾಲು ಸಾಲಿನ ಕೆಳಗೆ ನೆರಳಿನ ಗೆರೆ ಬಂತು, 18,000 ಫೇಸ್ ಕೊಡದೇ ಇದ್ದಿದ್ದು ಅದು ಕೊಡ್ತು. ಆಮೇಲೆ ಹಂಚನ್ನ 600 ಫೇಸ್‌ಗೆ ಇಳಿಸಿ ಒರಟುತನ ಎಲ್ಲಾ ನಾರ್ಮಲ್ ಮ್ಯಾಪ್‌ಗೆ (ಉಬ್ಬು ತಗ್ಗು ಇರೋ ಹಾಗೆ ಬೆಳಕಿಗೆ ತೋರ್ಸೋ ಚಿತ್ರ) ಬೇಕ್ ಮಾಡ್ದೆ, ಅಂದ್ರೆ ಇಳಿಸ್ದೆ, ಸೂರಿನ ಅಂಚಲ್ಲಿ ಕಾಣೋ ಒಂದೇ ಒಂದು ಸಾಲಿಗೆ ಮಾತ್ರ ಒಡೆದ ಅಂಚಿನ 18,000 ಫೇಸ್ ಹಂಚು ಇಟ್ಕೊಂಡೆ. ಮೂಲೆ ಮಾಡಲ್ಲಿ ಓರೆಯಾಗಿ ಕತ್ತರಿಸ್ಬೇಕಾದ ಹಂಚುಗಳನ್ನಷ್ಟೇ ರಿಯಲೈಸ್ ಮಾಡಿ (ಇನ್‌ಸ್ಟೆನ್ಸ್‌ನ ನಿಜವಾದ ಮೆಶ್ ಮಾಡಿ) ಕತ್ತರಿಸೋಕೆ ಬೂಲಿಯನ್ ಹಾಕಿದ್ದು.

ರ್‍ಯಾಂಡಮ್ ರೊಟೇಶನ್ (ಪ್ರತಿ ಹಂಚನ್ನೂ ಒಂಚೂರು ಬೇರೆ ಬೇರೆ ತರ ತಿರುಗಿಸೋದು) ಬಗ್ಗೆ ಒಂದ್ಮಾತು, ಅರ್ಧ ಡಿಗ್ರಿ ಸಾಕು. ನಾನು ಉಮೇದಿಗೆ ನಾಲ್ಕು ಕೊಟ್ಟಿದ್ದೆ, ಮಂಗ ಓಡಾಡಿದ ಮಾಡಿನ ತರ ಆಗಿತ್ತು.

ಇನ್ನೊಂದು ಬುದ್ಧಿವಂತಿಕೆನೂ ಮಾಡಿದ್ದೆ. ಹಂಚಿನ ಹಿಂಭಾಗ ಯಾರು ನೋಡ್ತಾರೆ ಅಂತ ಆ ಫೇಸ್ ಎಲ್ಲಾ ಡಿಲೀಟ್. ಮೂರನೇ ದಿನ ಯಜಮಾನ್ರು ಫೋನ್ ಮಾಡಿ ಜಗಲಿ ಒಳಗಿಂದ ಒಂದು ಶಾಟ್ ಬೇಕು ಅಂದ್ರು. ಮಲೆನಾಡಿನ ಜಗಲೀಲಿ ಸೀಲಿಂಗ್ ಎಲ್ಲಿರುತ್ತೆ, ತಲೆ ಎತ್ತಿದ್ರೆ ರೀಪು, ಅದ್ರ ಮೇಲೆ ಹಂಚಿನ ಬೆನ್ನೇ ಕಾಣೋದು. ಮತ್ತೆ ಕೂತು ಕಿವಿ ಸಮೇತ ಹಿಂಭಾಗ ಮಾಡ್ದೆ, ಇನ್‌ಸ್ಟೆನ್ಸ್ ಆಗಿದ್ರಿಂದ ಒಂದು ಹಂಚು ತಿದ್ದಿದ್ದಕ್ಕೆ 2,380 ಹಂಚೂ ಸರಿ ಆದ್ವು, ಜಾಯಿನ್ ಮಾಡಿದ್ದೇ ಇಟ್ಕೊಂಡಿದ್ರೆ ಅಷ್ಟೇ ಕಥೆ.

ಫೈನಲ್ ಕಳ್ಸಿದ್ಮೇಲೆ ಯಜಮಾನ್ರು ಪಾಚಿ, ನೆರಳು, ಸೂರಿನ ಒಡಕು ಹಂಚು ಯಾವುದ್ರ ಬಗ್ಗೆನೂ ಏನೂ ಹೇಳ್ಲಿಲ್ಲ. "ಎಲ್ಲಾ ಸರಿ ಇದೆ, ಆ ಗಾಜಿನ ಹಂಚು ಮಾತ್ರ ಅಡುಗೆಮನೆ ಒಲೆ ಮೇಲೆ ಬರ್ಬೇಕಿತ್ತು, ನೀವು ನಡುಮನೇಲಿ ಹಾಕಿದೀರಿ" ಅಂದ್ರು. ಗಾಜಿನ ಹಂಚು ಕೂರೋ ಪಾಯಿಂಟ್ ನಂಬರ್ ಬದಲಾಯಿಸ್ದೆ, ಐದು ನಿಮಿಷದ ಕೆಲಸ.