ದುರುಗವ್ವನ ಕಾದಂಬರಿ: ಐದು ಅಧ್ಯಾಯ ಮುಗಿದ ಮೇಲೆ

ಹೊಸಪೇಟೆ ತಾಲೂಕಿನ ದುರುಗವ್ವ 1876-78ರ ಬರದಲ್ಲಿ ಗಂಡನನ್ನು ಕಳಕೊಂಡು, ಐದು ವರ್ಷದ ಕರಾರಿನ ಮೇಲೆ ದಕ್ಷಿಣ ಆಫ್ರಿಕಾದ ನಟಾಲಿನ ಕಬ್ಬಿನ ತೋಟ ಸೇರುವ ಕಥೆ. ಊರನ್ನು ತುಂಗಭದ್ರಾ ಹೊಳೆಯ ಈಚೆಗೇ ಇಟ್ಟಿದ್ದೇವೆ. ಆಗ ಆಚೆಯ ಕೊಪ್ಪಳ ನಿಜಾಮರ ಸೀಮೆ, ಈಚೆಯ ಬಳ್ಳಾರಿ ಮದ್ರಾಸ್ ಪ್ರಾಂತ್ಯದ ಜಿಲ್ಲೆ. ತೆಲುಗು ಮಾತಿನ ಅನಂತಪುರ ಬಳ್ಳಾರಿಯಿಂದ ಬೇರೆಯಾದದ್ದು 1882ರಲ್ಲಿ. ಹಾಗಾಗಿ ಅವಳಿಗೆ ತೆಲುಗು ಬರುವುದು ಸಹಜ. ಅವಳಿಗೆ ತೆಲುಗು ಬರುತ್ತದೆಂದು ತೋಟದ ತೆಲುಗು ಸರದಾರನಿಗೆ (ಕೂಲಿಯಾಳುಗಳ ಮೇಸ್ತ್ರಿ) ಮಾತ್ರ ಗೊತ್ತಿಲ್ಲ, ಅವಳೂ ಹೇಳುವುದಿಲ್ಲ.

ಮೊದಲ ಎರಡು ಅಧ್ಯಾಯ ಬೇಗ ಮುಗಿದವು. 1877ರ ಜನವರಿಯಲ್ಲಿ ಬರಗಾಲದ ಕಾಮಗಾರಿಯ ಕೂಲಿ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದು ಆಣೆಗೆ ಇಳಿಯಿತು. ಹೆಂಗಸರಿಗೆ ಅದಕ್ಕಿಂತ ಕಡಿಮೆ. ಅವಳು ಹಡಗು ಹತ್ತಲು ಇಷ್ಟು ಕಾರಣ ಸಾಕು, ಮೋಸಗಾರ ಏಜೆಂಟನ ಪಾತ್ರ ಬೇರೆ ಬೇಕಿಲ್ಲ. ಹಡಗಿಗೆ ಹಲಗೆ ಮೇಲೆ ನಡೆದು ಹತ್ತಿಸಬಾರದು: ಆಗಿನ ಮದ್ರಾಸಿನಲ್ಲಿ ಅಲೆ ಸೀಳಿ ಜನರನ್ನು ಹಡಗಿಗೆ ಮುಟ್ಟಿಸುತ್ತಿದ್ದದ್ದು ತೆಂಗಿನ ನಾರಿನಿಂದ ಹೊಲಿದ ಮಸೂಲಾ ದೋಣಿ. ಪಯಣಕ್ಕೆ ಎಷ್ಟು ದಿನ ಎಂಬ ಲೆಕ್ಕಕ್ಕೆ, ಕರಾರಿನ ಕೂಲಿಗಳನ್ನು ಭಾರತದಿಂದ ನಟಾಲಿಗೆ ಒಯ್ದ ಮೊದಲ ಹಡಗು ಟ್ರೂರೋವನ್ನು ಹಿಡಿದಿದ್ದೇವೆ. ಅದು 1860ರ ಅಕ್ಟೋಬರ್ 12ಕ್ಕೆ ಮದ್ರಾಸ್ ಬಿಟ್ಟು ನವೆಂಬರ್ 16ಕ್ಕೆ ಡರ್ಬನ್ ಮುಟ್ಟಿತ್ತು.

ಕಗ್ಗಂಟಾದದ್ದು ನಾಲ್ಕನೇ ಅಧ್ಯಾಯ. ಸರದಾರ ಕೂಲಿ ಕತ್ತರಿಸಿದರೂ ಅವಳು ಸುಮ್ಮನಿರುತ್ತಾಳೆ, ಸರಿ. ಮಾತಾಡಿದರೆ ಏನು ಕಳಕೊಳ್ಳುತ್ತಾಳೆ ಎಂಬುದು ಓದುಗರಿಗೆ ತಿಳಿಯದಿದ್ದರೆ ಆ ಮೌನ ಬರೀ ಅಂಜುಬುರುಕುತನವಾಗಿ ಕಾಣುತ್ತದೆ. ಅದಕ್ಕೇ ಕೂಲಿಯ ಲೆಕ್ಕವನ್ನು ಪುಟದ ಮೇಲೇ ಬಿಡಿಸಿದೆವು. ಗಂಡಸಿಗೆ ಮೊದಲ ವರ್ಷ ತಿಂಗಳಿಗೆ 10 ಶಿಲ್ಲಿಂಗ್, ಹೆಂಗಸಿಗೆ 5, ಅಂದರೆ 60 ಪೆನ್ನಿ. 26 ದಿನದ ದುಡಿಮೆಗೆ ಹಂಚಿದರೆ ದಿನಕ್ಕೆ 2.3 ಪೆನ್ನಿ. ಒಂದು ದಿನ ತಪ್ಪಿದರೆ ಎರಡು ದಿನದ ಕೂಲಿ ಕತ್ತರಿಸುತ್ತಾರೆಂಬ ದೂರು ನಟಾಲಿನಲ್ಲಿತ್ತು. ದುರುಗವ್ವ ದುಡಿದ ದಿನಕ್ಕೊಂದರಂತೆ ಪುಂಡಿ ನಾರಿಗೆ ಗಂಟು ಹಾಕುತ್ತಾಳೆ. ಸರದಾರನ ಪುಸ್ತಕದಲ್ಲಿ ಐದು ದಿನ ಗೈರು, ನಾರಿನ ಪ್ರಕಾರ ಎರಡೇ. ವ್ಯತ್ಯಾಸ ಸುಮಾರು 14 ಪೆನ್ನಿ. ದೂರು ಕೊಡಲು ಪಾಸಿಲ್ಲದೆ ತೋಟದ ಗಡಿ ದಾಟಿದರೆ ಹಿಡಿಯುತ್ತಾರೆ, ಆ ದಿನವೂ ಗೈರಿಗೆ ಸೇರುತ್ತದೆ.

ಬಟವಾಡೆಯ ದಿನ ಅವಳು ನಾರನ್ನು ಮೇಜಿನ ಮೇಲಿಟ್ಟು ತೆಲುಗಿನಲ್ಲಿ ಒಂದೇ ಮಾತು ಹೇಳುತ್ತಾಳೆ, ಕನ್ನಡದಲ್ಲಾದರೆ: ‘ಎಣಿಸ್ರಿ.’ ಒಂದು ಪುಟದ ಭಾಷಣ ಕಿತ್ತುಹಾಕಿದ ಮೇಲೆ ಉಳಿದದ್ದು ಇಷ್ಟೇ. ಸರದಾರ ಇಷ್ಟು ದಿನ ಅವಳ ಎದುರು ಏನೇನು ಮಾತಾಡಿದ್ದನೋ ಅದೆಲ್ಲ ಅವನಿಗೆ ಆಗ ನೆನಪಾಗಬೇಕು.

ಐದನೆಯದಕ್ಕೆ ಅಡುಗೆ ಪರೀಕ್ಷೆ ನಡೆಯಿತು. ಪಡಿತರದಲ್ಲಿ ಅಕ್ಕಿಯ ಬದಲು ಮೆಕ್ಕೆಜೋಳದ ಹಿಟ್ಟೂ ಬರುತ್ತಿತ್ತು. ಬಿಳಿಜೋಳದಂತೆ ಅದನ್ನು ಬಡಿದರೆ ತರಿಯಿಂದಾಗಿ ಅಂಚು ಸೀಳುತ್ತದೆ, ಕಾವಲಿಗೆ ಎತ್ತುವಾಗ ಮುರಿಯುತ್ತದೆ. ಬಟ್ಟೆಯಲ್ಲಿ ಸೋಸಿ, ಒಂದು ಬಟ್ಟಲು ಹಿಟ್ಟಿಗೆ ಮುಕ್ಕಾಲು ಬಟ್ಟಲು ಕುದಿಯುವ ಎಸರು ಹಾಕಿ, ಹತ್ತು ನಿಮಿಷ ಮುಚ್ಚಿಟ್ಟು ನಾದಿದರೆ ಅಂಗೈಯಗಲದ ರೊಟ್ಟಿ ನಿಲ್ಲುತ್ತದೆ, ಅದಕ್ಕಿಂತ ಅಗಲ ಬೇಡ. ಉಳಿದ ತರಿ ಸಂಗಟಿಗೆ.

ಆರನೆಯದು 1883ಕ್ಕೆ, ಕರಾರು ಮುಗಿಯುವ ಹೊತ್ತಿಗೆ ಶುರು. ಮೂರು ಪೌಂಡಿನ ತಲೆಗಂದಾಯವನ್ನು ಇಲ್ಲಿ ತುರುಕುವ ಹಾಗಿಲ್ಲ. ಅದು 1895ರ ಕಾನೂನು, ಆಮೇಲೆ ಬಂದವರಿಗೆ. ಪುಕ್ಕಟೆ ವಾಪಸು ಪಯಣ ಹತ್ತು ವರ್ಷ ತುಂಬಿದ ಮೇಲೆಯೇ. ಹೀಗಾಗಿ ಇನ್ನೈದು ವರ್ಷ ಅದೇ ತೋಟವೋ, ಸ್ವಂತ ಕಾಯಿಪಲ್ಲೆ ಮಾರಾಟವೋ ಎಂಬುದರ ಮೇಲೆ ಅಧ್ಯಾಯ ನಡೆಯುತ್ತದೆ.